ಅಪ್ಪನ ಬಾಯಲ್ಲಿ ಉಳಿದ ವಾಕ್ಯ

ಲಕ್ವಾ ಹೊಡೆದ ಮೇಲೆ ಅಪ್ಪನ ಬಾಯಲ್ಲಿ ಕನ್ನಡ ಉಳಿಯಲಿಲ್ಲ. ಉಳಿದದ್ದು ಇಂಗ್ಲಿಷು. ಅದೂ ಇಡೀ ಇಂಗ್ಲಿಷಲ್ಲ; ನಮ್ಮೂರ ಹೈಸ್ಕೂಲಿನಲ್ಲಿ ಅವನು ಎಂಟನೇ ಇಯತ್ತೆಯ ಮಕ್ಕಳಿಗೆ ವರ್ಷ ವರ್ಷವೂ ತಿಕ್ಕಿ ತಿಕ್ಕಿ ಕಲಿಸಿದ ಸಿಂಪಲ್ ಪ್ರೆಸೆಂಟ್ ಟೆನ್ಸಿನ ನಾಲ್ಕಾರು ವಾಕ್ಯ. ಸೂರ್ಯ ಪೂರ್ವಕ್ಕೆ ಹುಟ್ಟುತ್ತಾನೆ, ಆಕಳು ಹುಲ್ಲು ತಿನ್ನುತ್ತದೆ, ಅವನು ದಿನಾಲೂ ಶಾಲೆಗೆ ಹೋಗುತ್ತಾನೆ. ಇಷ್ಟನ್ನೇ ಇಂಗ್ಲಿಷಿನಲ್ಲಿ ಹೇಳುತ್ತ ಅಪ್ಪ ಹುಬ್ಬಳ್ಳಿಯ ಆಸ್ಪತ್ರೆಯಿಂದ ಬಾಡಿಗೆ ಕಾರಿನಲ್ಲಿ ಮನೆಗೆ ಬಂದ. ಬಲಗೈ, ಬಲಗಾಲು ಬಿದ್ದುಹೋಗಿದ್ದವು. ದಾರಿಯುದ್ದಕ್ಕೂ ಅವನ ಜೊಲ್ಲು ಒರೆಸುತ್ತ ಕೂತಿದ್ದ ನಾನು, ಯಾರ ಮೇಲೆ ಸಿಟ್ಟು ಮಾಡಬೇಕೋ ತಿಳಿಯದೆ ಡ್ರೈವರನ ಮೇಲೆ ಹರಿಹಾಯ್ದೆ.

ಮಿದುಳಿನಲ್ಲಿ ಮಾತು ಕೂಡಿಸುವ ಜಾಗಕ್ಕೇ ಏಟು ಬಿದ್ದಿದೆ ಎಂದು ಡಾಕ್ಟರು ಹೇಳಿ ಕಳಿಸಿದ್ದರು. ಹೊಸ ಮಾತು ಇನ್ನು ಹುಟ್ಟುವುದಿಲ್ಲ, ಬಾಯಿಪಾಠವಾಗಿ ಕೂತದ್ದು ಮಾತ್ರ ತಾನಾಗಿ ಬರುತ್ತದೆ; ಕೆಲವರಿಗೆ ಭಜನೆ ಪದಗಳು ಉಳಿಯುತ್ತವೆ, ಕೆಲವರಿಗೆ ಬೈಗುಳ. ಅಪ್ಪ ಭಜನೆಗೆ ಹೋದವನಲ್ಲ. ಲಿಂಗಪೂಜೆಯನ್ನೂ ತುಟಿ ಅಲುಗಿಸದೆ ಮಾಡುತ್ತಿದ್ದ. ಬಯ್ಯುವುದಕ್ಕೆ ಅವನಿಗೆ ಬಾಯಿ ಬೇಕಿರಲಿಲ್ಲ, ಕೈಯಲ್ಲಿ ಬಡಿಗೆ ಇರುತ್ತಿತ್ತು. ಹಾಗಾಗಿ ಅವನ ಪಾಲಿಗೆ ಉಳಿದದ್ದು ಶಾಲೆಯೊಂದೇ.

ಆ ಶಾಲೆಯ ಬಗ್ಗೆ ಸ್ವಲ್ಪ ಹೇಳಬೇಕು. ನಾನೂ ಅವನ ವರ್ಗದಲ್ಲೇ ಕಲಿತವಳು, ಮಗಳೆಂಬ ಕಾರಣಕ್ಕೆ ಎಲ್ಲರಿಗಿಂತ ಒಂದೇಟು ಹೆಚ್ಚೇ ತಿಂದವಳು. ಇಂಗ್ಲಿಷ್ ಕಲಿಸಲು ಅಪ್ಪ ಒಂದು ರೀತಿ ಕಟ್ಟಿಕೊಂಡಿದ್ದ. ಕರಿಹಲಗೆಯ ಮೇಲೆ ಒಂದು ವಾಕ್ಯ ಬರೆಯುತ್ತಿದ್ದ: ಹಿ ಗೋಸ್ ಟು ಸ್ಕೂಲ್ ಎವ್ರಿ ಡೇ. ಆಮೇಲೆ ವರ್ಗದೊಳಗೆ ತಿರುಗಾಡುತ್ತ ತೋರುಬೆರಳು ಮುಂದೆ ಮಾಡಿ ಒಂದು ಶಬ್ದ ಒಗೆಯುತ್ತಿದ್ದ. ರೈತ ಅಂದರೆ ರೈತ, ಅಜ್ಜಿ ಅಂದರೆ ಅಜ್ಜಿ, ಇಲ್ಲವೇ ನಮ್ಮಲ್ಲೇ ಯಾರದೋ ಹೆಸರು. ನಾವು ಆ ಶಬ್ದವನ್ನು ‘ಹಿ’ ಇದ್ದ ಜಾಗದಲ್ಲಿ ಕೂರಿಸಿ ಇಡೀ ವಾಕ್ಯವನ್ನು ಮಗ್ಗಿಯ ಹಾಗೆ ರಾಗ ಎಳೆದು ಹೇಳಬೇಕು. ‘ಗೋಸ್’ನ ಕೊನೆಯ ಸಕಾರ ಹಾವು ಬುಸುಗುಟ್ಟಿದಂತೆ ಕೇಳಿಸಬೇಕು. ಕೇಳಿಸದಿದ್ದರೆ ಬಡಿಗೆ. ದಿನಾ ಮಾಡುವ ಕೆಲಸ, ಎಂದೂ ತಪ್ಪದ ಮಾತು, ಇವಕ್ಕೆಲ್ಲ ಇದೊಂದೇ ಕಾಲ ಸಾಕು, ಇದು ಬಂದರೆ ಇಂಗ್ಲಿಷಿನ ಬಾಗಿಲು ತೆರೆದಂತೆ ಅನ್ನುತ್ತಿದ್ದ. ನಮ್ಮಲ್ಲಿ ಬಹಳ ಜನ ಆ ಬಾಗಿಲಿನಲ್ಲೇ ನಿಂತುಬಿಟ್ಟೆವು, ಆ ಮಾತು ಬೇರೆ.

ಒಂದು ಸಲ ಅವನು ಒಬ್ಬ ಹುಡುಗಿಯ ಹೆಸರು ಒಗೆದ. ಆಕೆ ಹತ್ತಿ ಬಿಡಿಸಲು ಹೊಲಕ್ಕೆ ಹೋಗಿ ಶಾಲೆಗೆ ಬಾರದೆ ಆಗಲೇ ತಿಂಗಳ ಮೇಲಾಗಿತ್ತು. ಇಡೀ ವರ್ಗ ಆಕೆ ದಿನಾಲೂ ಶಾಲೆಗೆ ಹೋಗುತ್ತಾಳೆ ಎಂದು ಒಂದೇ ದನಿಯಲ್ಲಿ ಒದರಿ, ಬಿದ್ದು ಬಿದ್ದು ನಕ್ಕಿತು. ನಾನು ಎದ್ದು ನಿಂತು, ಆಕೆ ಬರುವುದೇ ಇಲ್ಲವಲ್ಲ ಸರ್, ಅಂದೆ. ಅಪ್ಪ ಹತ್ತಿರ ಬಂದು ಕೈ ಚಾಚು ಅಂದ. “ನಾ ನಿನಗ ಖರೇ ಕೇಳೇನೇನು? ವಾಕ್ಯ ಕೇಳೇನಿ. ವಾಕ್ಯ ಬರೋಬರಿ ಇದ್ರ ಸಾಕು” ಎಂದು ಎರಡೂ ಅಂಗೈ ಕೆಂಪು ಮಾಡಿದ. ಮನೆಗೆ ಬಂದು ಅವ್ವನಿಗೆ ಕೈ ತೋರಿಸಿದೆ. ಅವ್ವ ಕೊಬ್ಬರಿ ಎಣ್ಣೆ ಹಚ್ಚಿದಳು.

ಅವ್ವ ಕಲಘಟಗಿ ಕಡೆಯ ತಂಬೂರ ಎಂಬ ಹಳ್ಳಿಯವಳು. ಶಾಲೆಯ ಮೆಟ್ಟಿಲು ಹತ್ತಿದವಳಲ್ಲ. ಸಂಜೆಯಾದರೆ ನಮ್ಮ ಪಡಸಾಲೆಯಲ್ಲಿ ಅಪ್ಪನ ಮನೆಪಾಠ ನಡೆಯುತ್ತಿತ್ತು. ಊರ ಹುಡುಗರೆಲ್ಲ ಕೂತು ಅದೇ ರಾಗ ಎಳೆಯುತ್ತಿದ್ದರು, ಒಳಗೆ ಅವ್ವ ಅದೇ ತಾಳಕ್ಕೆ ರೊಟ್ಟಿ ಬಡಿಯುತ್ತಿದ್ದಳು. ಒಂದು ದಿನ, ನನಗೂ ಸಹಿ ಮಾಡುವಷ್ಟು ಕಲಿಸಿರಿ ಎಂದು ಆಕೆ ಕೇಳಿದ್ದು ನನಗೆ ನೆನಪಿದೆ. ಆಗ ನಾನು ಸಣ್ಣವಳು. ಅಪ್ಪ ಪೇಪರಿನಿಂದ ತಲೆ ಎತ್ತದೆ, “ನಿನಗ ಯಾಕ ಬೇಕದು?” ಅಂದ. ಊರಿಗೆಲ್ಲ ಅಕ್ಷರ ಹಂಚಿದ ಮಾಸ್ತರನ ಹೆಂಡತಿ ಇವತ್ತಿಗೂ ಬ್ಯಾಂಕಿನಲ್ಲಿ ಹೆಬ್ಬೆಟ್ಟು ಒತ್ತುತ್ತಾಳೆ. ಇದಕ್ಕಾಗಿ ಅಪ್ಪನನ್ನು ನಾನು ಕ್ಷಮಿಸಿಲ್ಲ, ಸತ್ತ ಮೇಲೂ.

ಗಂಡ ಹೆಂಡತಿಯ ಹೆಸರು ಹಿಡಿದು ಕರೆಯುವ ರೂಢಿ ನಮ್ಮ ಕಡೆ ಹಳಬರಲ್ಲಿ ಇಲ್ಲ. ಅಪ್ಪ ಆಕೆಯನ್ನು ‘ಏ, ಕೇಳಿಲ್ಲೆ’ ಎಂದೇ ಕರೆದ. ನಮ್ಮ ಮನೆಯೊಳಗೆ ಅವ್ವನ ಹೆಸರು ರೇಷನ್ ಕಾರ್ಡಿನಲ್ಲಿ ಬಿಟ್ಟರೆ ಬೇರೆಲ್ಲೂ ಇರಲಿಲ್ಲ.

ಗಂಡನ ಮನೆ ಬಿಟ್ಟು ಬಂದು, ಅಣ್ಣಿಗೇರಿಯ ಒಂದು ಖಾಸಗಿ ಶಾಲೆಯಲ್ಲಿ ಗುಮಾಸ್ತಿಕೆ ಮಾಡಿಕೊಂಡು ನಾನು ಇವರ ಜೊತೆಗಿದ್ದೆ. ಅಪ್ಪ ಹಾಸಿಗೆ ಹಿಡಿದ ಮೇಲೆ ರಜೆ ಹಾಕಿದೆ. ಊರ ಜನ ನೋಡಲು ಬಂದರು. ಬಂದವರಿಗೆ ದುಃಖಕ್ಕಿಂತ ಸೋಜಿಗವೇ ಹೆಚ್ಚು. ಮಾಸ್ತರ್ರು ಇನ್ನೂ ಇಂಗ್ಲಿಷ್ ಬಿಟ್ಟಿಲ್ಲ ನೋಡ್ರಿ ಎಂದು ಹೊಗಳುತ್ತ ಹೋದರು. ಒಬ್ಬಾಕೆ ತನ್ನ ಮೊಮ್ಮಕ್ಕಳನ್ನು ಕರೆತಂದು, ಸರ್ರು ಹೇಳಿಕೊಡ್ತಾರ ಕೇಳ್ರಿ ಎಂದು ಮಂಚದ ಎದುರು ಕೂರಿಸಿದಳು. ಹಳೆಯ ವಿದ್ಯಾರ್ಥಿಯೊಬ್ಬ ಮೊಬೈಲಿನಲ್ಲಿ ವಿಡಿಯೋ ಮಾಡಿ ಗ್ರೂಪಿಗೆ ಹಾಕಿದ. ಸೊಟ್ಟ ಬಾಯಿಯಿಂದ ಜೊಲ್ಲು ಸುರಿಸುತ್ತ ಆಕಳು ಹುಲ್ಲು ತಿನ್ನುತ್ತದೆ ಅನ್ನುವ ಅಪ್ಪನಿಗೆ ಎಲ್ಲೆಲ್ಲಿಂದಲೋ ಕೈಮುಗಿದ ಚಿತ್ರಗಳು ಬಂದವು. ಆ ಮಹಾಶಯ ಮತ್ತೊಮ್ಮೆ ಬಂದಾಗ ನಾನು ಅವನನ್ನು ಕಟ್ಟೆಯ ಮೇಲಿಂದಲೇ ವಾಪಸು ಕಳಿಸಿದೆ. ಬೆನ್ನಿನ ಹುಣ್ಣು ತೊಳೆಯಲು ಇವರಲ್ಲಿ ಒಬ್ಬರೂ ಬರಲಿಲ್ಲ. ಬಂದವನು ಬಾಜು ಮನೆಯ ಸಾಬರ ಟೇಲರ್ ಒಬ್ಬನೇ. ಅವನೂ ಅಪ್ಪನ ಕೈಯಲ್ಲಿ ಏಟು ತಿಂದವನೇ. ದಿನಾ ಮುಂಜಾನೆ ಅಂಗಡಿ ತೆರೆಯುವ ಮೊದಲು ಬಂದು ಅಪ್ಪನನ್ನು ಮಗ್ಗುಲು ಹೊರಳಿಸಿ ಹೋಗುತ್ತಿದ್ದ.

ಅಪ್ಪನ ತಮ್ಮ, ನನ್ನ ಕಾಕಾ, ಹಿಂದಿನ ಓಣಿಯಲ್ಲಿದ್ದಾನೆ. ಅವನಿಗೆ ಡಾಕ್ಟರು ಹೇಳಿದ್ದು ಒಪ್ಪಿಗೆಯಾಗಲಿಲ್ಲ. “ಅಣ್ಣನ ನಾಲಿಗಿ ಮ್ಯಾಲ ಇಂಗ್ಲೀಷ ದೆವ್ವದಂಗ ಹತ್ತಿ ಕುಂತೈತಿ. ಅದರ ಕಿವಿಗಿ ಇಂಗ್ಲೀಷ ಬೀಳಲಿಲ್ಲಂದ್ರ ತಾನ ಇಳದ ಹೊಕ್ಕೈತಿ” ಎಂದು ತೀರ್ಪು ಕೊಟ್ಟ. ಅಂದಿನಿಂದ ಮಂಚದ ಸುತ್ತ ಇಂಗ್ಲಿಷ್ ಬಂದ್. ಫ್ಯಾನು ಹಚ್ಚು ಅನ್ನುವಂತಿಲ್ಲ, ಗಾಳಿ ಹಚ್ಚು ಅನ್ನಬೇಕು. ಲೈಟು ದೀಪವಾಯಿತು. ಬಸ್ಸಿಗೆ ಏನನ್ನಬೇಕೋ ಯಾರಿಗೂ ಹೊಳೆಯದೆ, ಮೊರಬದ ಗಾಡಿ ಬಂತು ಅಂದೆವು. ಟೇಲರ್ ಪಾಪ ತನ್ನನ್ನು ದರ್ಜಿ ಎಂದು ಕರೆದುಕೊಂಡ. ಕಾಕಾ ಮಾತ್ರ ಬಾಗಿಲಲ್ಲಿ ನಿಂತು, “ಏನಾರ ಇಂಪ್ರೂ ಐತೇನು?” ಎಂದು ದಿನಾ ಕೇಳುತ್ತಿದ್ದ. ಆ ದಿನಗಳಲ್ಲಿ ನಾನು ನಕ್ಕಿದ್ದು ಅದೊಂದಕ್ಕೆ.

ಅವ್ವನ ಚಿಂತೆ ಬೇರೆಯೇ ಇತ್ತು. ಅದನ್ನು ತಿಳಿಯಬೇಕಾದರೆ ಅಜ್ಜಿಯ ಸಾವನ್ನು ಹೇಳಬೇಕು. ಅಪ್ಪನ ತಾಯಿ ಸತ್ತಾಗ ತಲೆ ಅವ್ವನ ತೊಡೆಯ ಮೇಲಿತ್ತು. ಕೊನೆಯ ಮಾತು ಶಿವನ ಹೆಸರಾಗಬೇಕು ಅನ್ನುವುದು ನಮ್ಮವರ ನಂಬಿಕೆ. ಅವ್ವನ ಸ್ವಂತ ತಂದೆ ಶಿವ ಶಿವಾ ಅನ್ನುತ್ತಲೇ ಹೋದನೆಂದು ತಂಬೂರದಲ್ಲಿ ಈಗಲೂ ಹೇಳುತ್ತಾರೆ. ನಮ್ಮ ಅಜ್ಜಿ ಕಣ್ಣು ತೆರೆದು, ಎಮ್ಮೆ ಹಿಂಡಿದಿರೇನು ಎಂದು ಕೇಳಿ ಹೋದಳು. ಕೂಡಿದ ಮಂದಿಯಲ್ಲಿ ಯಾರೋ ನಕ್ಕರು. ಆ ನಗೆಯ ಸಿಟ್ಟನ್ನೆಲ್ಲ ಅಪ್ಪ ಅವ್ವನ ಮೇಲೆ ತೀರಿಸಿಕೊಂಡ. ಬಾಜೂಕ ಕೂತವಳಿಗೆ ಬಾಯಲ್ಲಿ ಒಂದು ಹೆಸರು ಹಾಕಲು ಆಗಲಿಲ್ಲವೇ ಎಂದು ಎಲ್ಲರೆದುರು ಕೇಳಿದ, ಮುಂದೆ ಎಷ್ಟೋ ದಿನ ಆಕೆಯ ಜೊತೆ ಮಾತೇ ಆಡಲಿಲ್ಲ. ಈಗ ಅವನೇ ಮಲಗಿದ್ದ. ಎರಡನೇ ಏಟು ಬಂದರೆ ಉಳಿಯುವುದಿಲ್ಲ ಎಂದು ಡಾಕ್ಟರು ಹೇಳಿಯೇ ಕಳಿಸಿದ್ದರು.

“ಅವರ ಬಾಯಾಗ ಕಡೀಕ ಶಿವನ ಹೆಸರು ಬರಬೇಕು ನೋಡ ಯವ್ವಾ” ಅಂದಳು ಅವ್ವ. “ಅಷ್ಟ ಬಂದ್ರ ಸಾಕು ನನಗ. ಮತ್ತೊಮ್ಮಿ ಅಂಥಾ ಮಾತು ಕೇಳಾಕ ನನ್ನ ಕಡಿಂದ ಆಗೂದಿಲ್ಲ.”

ಆಕೆ ಕಿವಿಯ ಹತ್ತಿರ ಬಾಗಿ ಓಂ ನಮಃ ಶಿವಾಯ ಅಂದರೆ, ಅವನು ಸೂರ್ಯ ಪೂರ್ವಕ್ಕೆ ಹುಟ್ಟುತ್ತಾನೆ ಅನ್ನುತ್ತಿದ್ದ. ಇಷ್ಟಲಿಂಗವನ್ನು ಎಡಗೈಯಲ್ಲಿ ಇಟ್ಟರೆ ಅದನ್ನು ನೋಡುತ್ತ, ಆಕಳು ಹುಲ್ಲು ತಿನ್ನುತ್ತದೆ ಅನ್ನುತ್ತಿದ್ದ. ಅವ್ವ ದೇವರಮನೆಗೆ ಹೋಗಿ ಅತ್ತು ಬರುತ್ತಿದ್ದಳು. ಅವನು ಬೇಕೆಂದೇ ಹೀಗೆ ಮಾಡುತ್ತಿದ್ದಾನೆ ಎಂದು ಒಂದೊಂದು ಸಲ ನನಗೆ ಅನ್ನಿಸಿಬಿಡುತ್ತಿತ್ತು.

ಒಂದು ಮಧ್ಯಾಹ್ನ ನೀರು ಕುಡಿಸಲು ಹೋದೆ. ಅವನು ಹಲ್ಲು ಕಚ್ಚಿ ಹಿಡಿದ. ನನಗೆ ರೇಗಿಹೋಯಿತು. ಅವನ ಮುಖದ ಮುಂದೆ ತೋರುಬೆರಳು ಹಿಡಿದು, ಅವನು ವರ್ಗದಲ್ಲಿ ಒಗೆಯುತ್ತಿದ್ದಂತೆಯೇ, ನೀರು! ಎಂದು ಒದರಿದೆ. ಅಪ್ಪ ನನ್ನ ಬೆರಳನ್ನೇ ನೋಡಿದ. ಆಮೇಲೆ ಆ ಹಳೆಯ ರಾಗದಲ್ಲಿ, “ನೀರು ಗೋಸ್ ಟು ಸ್ಕೂಲ್ ಎವ್ರಿ ಡೇ” ಅಂದ.

ನೀರು ದಿನಾಲೂ ಶಾಲೆಗೆ ಹೋಗುತ್ತದೆಯಂತೆ. ಅಡಿಗೆಮನೆಯಿಂದ ಅವ್ವ ಹಿಟ್ಟಿನ ಕೈಯಲ್ಲೇ ಓಡಿ ಬಂದಳು. ಆಸ್ಪತ್ರೆಯಿಂದ ಬಂದ ಮೇಲೆ ಅವನ ಬಾಯಲ್ಲಿ ಬಂದ ಮೊದಲ ಕನ್ನಡದ ಶಬ್ದ ಅದು. ನಾನು ಮತ್ತೆ ಬೆರಳು ಮಾಡಿ ರೊಟ್ಟಿ ಅಂದೆ, ರೊಟ್ಟಿಯೂ ಶಾಲೆಗೆ ಹೋಯಿತು. ಬೆರಳು ಮಾಡದೆ ಹಾಗೇ ಹೇಳಿದರೆ ಏನೂ ಇಲ್ಲ. ಅವನು ಕಟ್ಟಿದ ರೀತಿ ಅವನಲ್ಲಿ ಇನ್ನೂ ಜೀವಂತವಾಗಿತ್ತು, ಈಗ ಬೆರಳು ನಮ್ಮದು, ವಿದ್ಯಾರ್ಥಿ ಅವನು. ಪಡಸಾಲೆಯ ಪಾಠವನ್ನು ಒಳಗಿನಿಂದ ಅಷ್ಟು ವರ್ಷ ಕೇಳಿದ್ದ ಅವ್ವನಿಗೆ ನಾನು ಏನೂ ವಿವರಿಸಬೇಕಾಗಲಿಲ್ಲ. ಕೈ ತೊಳೆದು, ಸೀರೆ ಬದಲಿಸಿ, ಹಣೆಗೆ ವಿಭೂತಿ ಧರಿಸಿ ಬಂದಳು. ಮಂಚದ ಬದಿಗೆ ಕೂತು, ಬೆರಳು ಮುಂದೆ ಮಾಡಿ, ಶಿವ ಅಂದಳು.

“ಶಿವ ಗೋಸ್ ಟು ಸ್ಕೂಲ್ ಎವ್ರಿ ಡೇ.”

ಕಾಕಾ ಇದನ್ನು ಕೇಳಿ ತಲೆ ಚಚ್ಚಿಕೊಂಡ. ದೇವರನ್ನು ಸಾಲಿಗೆ ಕಳಿಸುವುದು ಯಾವ ಸೀಮೆಯ ಧರ್ಮ, ಇದು ಎಣಿಕೆಗೆ ಬರುವುದಿಲ್ಲ ಎಂದು ಕೂಗಾಡಿದ. ಅವ್ವ ಅಂಜಿಕೊಂಡು ಮಠದ ಅಯ್ಯನವರನ್ನು ಕರೆಸಿದಳು. ವಯಸ್ಸಾದ ಅಯ್ಯನವರು ಅಪ್ಪನ ಬಾಯಿಂದಲೇ ಒಂದು ಸಲ ಕೇಳಿಸಿಕೊಂಡು, “ಹೆಸರು ಬಂತಲ್ರೀ ತಾಯಿ, ಹಿಂದ ಮುಂದ ಇದ್ದದ್ದು ಅಂವ ನೋಡಿಕೊಳ್ತಾನ” ಅಂದರು. ಆದರೆ ಅದು ಕೊನೆಯ ಮಾತಾಗಬೇಕು ಎಂದೂ ಸೇರಿಸಿದರು.

ಅವ್ವ ಅದಕ್ಕೊಂದು ದಾರಿ ಮಾಡಿಕೊಂಡಳು. ದಿನಾ ಮಧ್ಯಾಹ್ನ ಅಪ್ಪ ಎಚ್ಚರವಾಗಿರುವ ಹೊತ್ತಿಗೆ ಆಕೆ ಮಿಂದು ಬಂದು ಶಿವ ಅಂದು ಬೆರಳು ಮಾಡುವುದು, ಅವನು ವಾಕ್ಯ ಹೇಳುವುದು. ಅದಾದ ಮೇಲೆ ಮರುದಿನದವರೆಗೆ ಯಾರೂ ಅವನೆದುರು ಬೆರಳು ಮಾಡಿ ಇನ್ನೊಂದು ಶಬ್ದ ಹೇಳಕೂಡದು. ಯಾವಾಗ ಪ್ರಾಣ ಹೋದರೂ ಕೊನೆಯದಾಗಿ ಆ ನಾಲಿಗೆಯಲ್ಲಿ ಬಂದ ಹೆಸರು ಶಿವನದೇ ಆಗಿರುತ್ತದೆ. ಟೇಲರ್ ಒಮ್ಮೆ ಇಳಿಹೊತ್ತಿನಲ್ಲಿ ಬಂದವನು ಮರೆತು, ಬಿಸಿಲು ಭಾಳ ಐತಿ ಸರ್ ಎಂದು ಕಿಟಕಿಯ ಕಡೆ ಬೆರಳು ತೋರಿಸಿದ. ಬಿಸಿಲು ಶಾಲೆಗೆ ಹೋಯಿತು. ಅವ್ವ ಆ ಬಡಪಾಯಿಯ ಜೊತೆ ಜಗಳ ತೆಗೆದು, ಮತ್ತೆ ಮಿಂದು ಬಂದು, ಮತ್ತೆ ಶಿವನನ್ನು ಹೇಳಿಸಿದಳು.

ಅಪ್ಪ ಇಳಿಯುತ್ತ ಬಂದ. ಬೆನ್ನಿನ ಹುಣ್ಣು ಅಂಗೈಯಗಲ ಆಯಿತು. ಉದಿನಕಡ್ಡಿ ಹಚ್ಚಿದರೂ ಪಡಸಾಲೆಯ ವಾಸನೆ ಹೋಗುತ್ತಿರಲಿಲ್ಲ. ಗಂಜಿ ಇಳಿಯದಾಯಿತು. ಸೂರ್ಯ, ಆಕಳು ಒಂದೊಂದಾಗಿ ಅವನ ಬಾಯಿ ಬಿಟ್ಟುಹೋದವು. ಬೆರಳು ಮಾಡಿದಾಗ ಬರುವ ಆ ಒಂದು ವಾಕ್ಯ ಮಾತ್ರ ಉಳಿಯಿತು. ಅದಕ್ಕೂ ಬಹಳ ಹೊತ್ತು ಕಾಯಬೇಕಾಗುತ್ತಿತ್ತು. ಹೇಳಿ ಮುಗಿಸಿದರೆ ದೊಡ್ಡ ಗುಡ್ಡ ಹತ್ತಿ ಇಳಿದವನ ಹಾಗೆ ಏದುಸಿರು ಬಿಟ್ಟು ನಿದ್ದೆಗೆ ಜಾರುತ್ತಿದ್ದ. ಇದು ಬೇಗ ಮುಗಿಯಲಿ ಎಂದು ನಾನು ಬೇಡಿಕೊಂಡಿದ್ದೇನೆ.

ಕೊನೆಗೆ ಅದೂ ನಿಂತಿತು. ಅವ್ವ ಶಿವ ಅಂದರೆ ಅವನು ಬೆರಳನ್ನು ನೋಡುತ್ತಿದ್ದ, ತುಟಿ ಅಲುಗುತ್ತಿತ್ತು, ದನಿ ಇಲ್ಲ. ಅಯ್ಯನವರು ಬಂದು ವಿಭೂತಿ ಹಚ್ಚಿ, ಇನ್ನು ಒಂದೆರಡು ದಿನ ಎಂದು ಹೇಳಿ ಹೋದರು. ನಿನ್ನೆ ಮೊನ್ನೆ ಹೇಳಿದ್ದೇ ಕೊನೆಯದಾಯಿತು ಬಿಡು, ಶಿವನ ಹೆಸರೇ ಅಲ್ಲವೇ ಬಂದದ್ದು ಎಂದು ನಾನು ಅವ್ವನಿಗೆ ಸಮಾಧಾನ ಹೇಳಿದೆ. ಕಾಕಾನೂ ಒಪ್ಪಿದ. ಅವ್ವ ಬಯಸಿದ್ದು ಆಕೆಯ ಕೈಗೆ ಬಂದಿತ್ತು. ಇನ್ನು ಸುಮ್ಮನಿದ್ದರೆ ಸಾಕಿತ್ತು.

ಮರುದಿನ ಮಧ್ಯಾಹ್ನ ನಾನು ಹಿತ್ತಲಲ್ಲಿ ಅವನ ಧೋತರ, ಹಾಸಿಗೆ ಬಟ್ಟೆ ಒಗೆಯುತ್ತಿದ್ದೆ. ಒಳಗಿನಿಂದ ಅವ್ವನ ದನಿ ಕೇಳಿಸಿತು. ಮತ್ತೆ ಶುರುಮಾಡಿದಳಲ್ಲ, ಇದ್ದ ಪುಣ್ಯವನ್ನೂ ಕಳೆದುಕೊಳ್ಳುತ್ತಾಳೆ ಎಂದು ಸಿಡುಕಿಕೊಂಡು ಎದ್ದೆ. ಬಾಗಿಲ ಹತ್ತಿರ ಬಂದಾಗ ಆಕೆ ಹೇಳುತ್ತಿದ್ದ ಶಬ್ದ ಕಿವಿಗೆ ಸ್ಪಷ್ಟವಾಗಿ ಬಿತ್ತು. ಅದು ಶಿವನ ಹೆಸರಲ್ಲ. ಅವ್ವನ ಹೆಸರು.

ಆ ಹೆಸರನ್ನು ಇಲ್ಲಿ ಬರೆಯುವುದಿಲ್ಲ, ಅದು ಆಕೆಗೇ ಇರಲಿ. ಆಕೆ ಅದನ್ನು ಹೊಸದಾಗಿ ಕಲಿತ ಪದದ ಹಾಗೆ ಬಿಡಿಸಿ ಬಿಡಿಸಿ ಹೇಳುತ್ತಿದ್ದಳು. ಬೆರಳು ಅವನ ಕಡೆ ಇರಲಿಲ್ಲ, ತನ್ನ ಎದೆಯ ಕಡೆ ಇತ್ತು. ಅಪ್ಪನ ಕಣ್ಣು ಆ ಬೆರಳ ಮೇಲಿತ್ತು. ಆಕೆ ಕಾದಳು. ನಾನು ಕೈಯಲ್ಲಿ ಹಸಿ ಬಟ್ಟೆ ಹಿಡಿದು ನಿಂತೆ, ನೀರು ಕಾಲ ಮೇಲೆ ಸುರಿಯುತ್ತಿತ್ತು. ಆಮೇಲೆ, ಎಲ್ಲಿತ್ತೋ ಆ ದನಿ, ಆಕೆಯ ಹೆಸರು ಹಿಡಿದು, ಒಂದೊಂದು ಶಬ್ದಕ್ಕೂ ಉಸಿರೆಳೆಯುತ್ತ, ಅಪ್ಪ ಇಡೀ ವಾಕ್ಯ ಹೇಳಿದ. ಗೋಸ್ ಟು ಸ್ಕೂಲ್ ಎವ್ರಿ ಡೇ. ಸಕಾರವನ್ನೂ ಬಿಡಲಿಲ್ಲ.

ಅವ್ವ ನನ್ನನ್ನು ನೋಡಿದಳು. ಕಳ್ಳತನದಲ್ಲಿ ಸಿಕ್ಕಿಬಿದ್ದವಳ ಮುಖವಾಗಿರಲಿಲ್ಲ ಅದು. ಸೆರಗಿನಿಂದ ಅವನ ಬಾಯಿ ಒರೆಸುತ್ತ, “ನಾ ದಿನಾ ಸಾಲಿಗಿ ಹೊಕ್ಕೇನಿ ಅಂದ್ರು, ಹೌದಿಲ್ಲೋ?” ಎಂದು ಕೇಳಿದಳು.

ಹೌದೆಂದೆ.

“ಸುಳ್ಳ” ಅಂದಳು ಅವ್ವ.

ನನಗೆ ಗಾಬರಿ. ಇನ್ನೂ ಎಚ್ಚರ ಇದ್ದಾನೆ, ಈಗಲೇ ಶಿವನ ಹೆಸರು ಹೇಳಿಸಿಬಿಡು, ನಾಳೆ ಇವರೆಲ್ಲ ನಿನ್ನನ್ನೇ ಹರಿದು ತಿನ್ನುತ್ತಾರೆ ಅಂದೆ. ನಾನೇ ಹೇಳಿಸುತ್ತೇನೆ ಎಂದು ಬೆರಳು ಎತ್ತಿದೆ. ಅವ್ವ ನನ್ನ ಬೆರಳನ್ನು ಮುಷ್ಟಿಯಲ್ಲಿ ಹಿಡಿದು ಕೆಳಗಿಳಿಸಿದಳು. ಆಮೇಲೆ ಮಂಚದ ಪಕ್ಕ ನೆಲದ ಮೇಲೆ ಕೂತು, ಅವನ ಎಡಗೈ ಹಿಡಿದುಕೊಂಡು ಬಹಳ ಹೊತ್ತು ಸದ್ದಿಲ್ಲದೆ ಅತ್ತಳು. ನಾನು ಹಿತ್ತಲಿಗೆ ಹೋಗಿ ಉಳಿದ ಬಟ್ಟೆ ಒಗೆದೆ.

ಮಾರನೆಯ ಮುಂಜಾನೆ ಟೇಲರ್ ಬಂದು ಮಗ್ಗುಲು ಹೊರಳಿಸುವಾಗ ಅಪ್ಪನ ಪ್ರಾಣ ಹೋಯಿತು. ನಡುವೆ ಒಂದು ಮಾತೂ ಆಡಿರಲಿಲ್ಲ.

ನಮ್ಮ ಪದ್ಧತಿಯಂತೆ ಅಪ್ಪನನ್ನು ಮೀಯಿಸಿ, ವಿಭೂತಿ ಬಳಿದು, ಹೂವಿನ ಮಾಲೆ ಹಾಕಿ, ಪಡಸಾಲೆಯ ಗೋಡೆಗೆ ಆನಿಸಿ ಕೂರಿಸಿದರು. ಮನೆಪಾಠ ಹೇಳುವಾಗ ಅವನು ಕೂರುತ್ತಿದ್ದದ್ದೂ ಅದೇ ಗೋಡೆಗೆ ಒರಗಿ. ಎದುರಿಗೆ ಹಳೆಯ ವಿದ್ಯಾರ್ಥಿಗಳು ಸಾಲಾಗಿ ಕೂತಿದ್ದರು, ಭಜನೆಯವರು ತಾಳ ಹಿಡಿದು ಬಂದಿದ್ದರು. ಅಯ್ಯನವರು ಮಂತ್ರ ಶುರುಮಾಡುವ ಮೊದಲು ಕಾಕಾ ಎಲ್ಲರಿಗೂ ಕೇಳಿಸುವಂತೆ, ಅವ್ವನ ಕಡೆ ತಿರುಗಿ ಕೇಳಿದ.

“ವೈನಿ, ಕಡೀಕ ಅಣ್ಣನ ಬಾಯಾಗ ಶಿವನ ಹೆಸರು ಬಂತಲ್ಲ?”

ಹೂಂ ಅಂದಿದ್ದರೆ ಮುಗಿದುಹೋಗುತ್ತಿತ್ತು. ಯಾರೂ ಪರೀಕ್ಷೆ ಮಾಡುವಂತಿರಲಿಲ್ಲ. ಆಕೆ ಹೂಂ ಅನ್ನುತ್ತಾಳೆ, ನಾನೂ ಜೊತೆಗೆ ತಲೆಯಾಡಿಸಬೇಕು ಎಂದು ತಯಾರಾಗಿಯೇ ಕೂತಿದ್ದೆ. ಅವ್ವ ಸೆರಗು ಸರಿಮಾಡಿಕೊಂಡು, ಗೋಡೆಗೆ ಕೂತ ಅಪ್ಪನನ್ನು ಒಂದು ಸಲ ನೋಡಿದಳು.

“ಇಲ್ಲಪಾ” ಅಂದಳು. “ನನ್ನ ಹೆಸರು ಹೇಳಿದ್ರು. ಒಮ್ಮಿ.”